ತೊಡೆಯ ಹಿಂದಿನ ಸ್ನಾಯುರಜ್ಜು ಹರಿದಾಗ: ದೈಹಿಕ ಶಿಕ್ಷಕರಿಗೂ ತರಬೇತುದಾರರಿಗೂ ಒಂದು ಬಹಿರಂಗ ಪತ್ರ

ನಾಡಿನ ಶಾಲಾ ಕಾಲೇಜುಗಳ ದೈಹಿಕ ಶಿಕ್ಷಣ ಶಿಕ್ಷಕರಿಗೆ, ಕಬಡ್ಡಿ, ಖೋ ಖೋ, ಅಥ್ಲೆಟಿಕ್ಸ್, ಕ್ರಿಕೆಟ್ ತರಬೇತುದಾರರಿಗೆ,



ಹ್ಯಾಮ್‌ಸ್ಟ್ರಿಂಗ್ ಎಂದು ಮೈದಾನದಲ್ಲಿ ಎಲ್ಲರೂ ಕರೆಯುವುದು ತೊಡೆಯ ಹಿಂಭಾಗದ ಮೂರು ಸ್ನಾಯುಗಳ ಗುಂಪನ್ನು. ಒಳಮಗ್ಗುಲಲ್ಲಿ ಸೆಮಿಟೆಂಡಿನೋಸಸ್ ಮತ್ತು ಸೆಮಿಮೆಂಬ್ರನೋಸಸ್, ಹೊರಮಗ್ಗುಲಲ್ಲಿ ಬೈಸೆಪ್ಸ್ ಫೆಮೊರಿಸ್. ಇವು ಹೊರಡುವುದು ಇಶ್ಚಿಯಲ್ ಟ್ಯೂಬರಾಸಿಟಿ ಎಂಬ ಮೂಳೆಯ ಉಬ್ಬಿನಿಂದ. ಗಟ್ಟಿ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತರೆ ಪೃಷ್ಠದಡಿ ಒತ್ತಿ ನೋಯುವ ಮೂಳೆ ಅದೇ. ಬೈಸೆಪ್ಸ್‌ನ ಉದ್ದ ತಲೆಯೂ ಸೆಮಿಟೆಂಡಿನೋಸಸ್ಸೂ ಒಂದೇ ಜಂಟಿ ರಜ್ಜುವಾಗಿ ಅಲ್ಲಿ ಅಂಟಿಕೊಂಡಿವೆ. ಸೆಮಿಮೆಂಬ್ರನೋಸಸ್‌ನ ರಜ್ಜು ಪಕ್ಕದಲ್ಲಿ, ತುಸು ಹೊರಕ್ಕೆ, ಬೇರೆಯಾಗಿ ಹಿಡಿದುಕೊಂಡಿದೆ. ಬೈಸೆಪ್ಸ್‌ನ ಗಿಡ್ಡ ತಲೆ ಮಾತ್ರ ತೊಡೆಮೂಳೆಯಿಂದಲೇ ಹುಟ್ಟುತ್ತದೆ. ಕೆಳತುದಿಯಲ್ಲಿ ಒಳಗಿನ ಎರಡು ಸ್ನಾಯುಗಳು ಮಂಡಿಯ ಕೆಳಗಿನ ದೊಡ್ಡ ಮೂಳೆಗೂ ಹೊರಗಿನದು ಅದರ ಪಕ್ಕದ ಸಣ್ಣ ಮೂಳೆಯ ತಲೆಗೂ ಸೇರುತ್ತವೆ. ಕಾಲಿಗೆ ಶಕ್ತಿ ಮತ್ತು ಸ್ಪರ್ಶ ಕೊಡುವ ದಪ್ಪನೆಯ ಸಯಾಟಿಕ್ ನರ ಆ ಮೂಳೆಯುಬ್ಬಿನ ಹೊರಮಗ್ಗುಲಲ್ಲಿ, ಒಂದೆರಡು ಬೆರಳಿನ ಅಂತರದಲ್ಲೇ ಇಳಿಯುತ್ತದೆ. ರೋಗಲಕ್ಷಣಗಳನ್ನು ಓದುವಾಗಲೂ ಶಸ್ತ್ರಚಿಕಿತ್ಸೆಯ ವೇಳೆಯಲ್ಲೂ ಈ ನೆರೆಹೊರೆಯೇ ಮುಖ್ಯವಾಗುತ್ತದೆ.

ಈ ಸ್ನಾಯುಗಳು ಎರಡು ಕೀಲುಗಳನ್ನು ದಾಟಿ ಹೋಗುತ್ತವೆ. ಸೊಂಟದ ಕೀಲಿನಲ್ಲಿ ತೊಡೆಯನ್ನು ಹಿಂದಕ್ಕೆ ಸೆಳೆಯುತ್ತವೆ, ಮಂಡಿಯಲ್ಲಿ ಕಾಲನ್ನು ಮಡಿಸುತ್ತವೆ. ಸೊಂಟ ಬಾಗಿ ಮಂಡಿ ನೆಟ್ಟಗಾದಾಗ ಎರಡೂ ತುದಿಗಳಿಂದ ಎಳೆತ ಬೀಳುತ್ತದೆ. ವೇಗದ ಓಟದಲ್ಲಿ ಮುಂದಕ್ಕೆ ಬೀಸಿದ ಕಾಲು ನೆಲಕ್ಕೆ ತಾಗುವುದಕ್ಕೆ ತುಸು ಮೊದಲು ಆ ಬೀಸನ್ನು ತಡೆದು ನಿಲ್ಲಿಸುವ ಕೆಲಸ ಇವುಗಳದ್ದೇ. ಉದ್ದವಾಗುತ್ತಲೇ ಬಿಗಿಯುವ ಆ ಕ್ಷಣದಲ್ಲಿ ಬೈಸೆಪ್ಸ್‌ನ ಉದ್ದ ತಲೆ ಹೆಚ್ಚಾಗಿ ಹರಿಯುತ್ತದೆ. 100 ಮೀಟರ್ ಓಟಗಾರ ನಡುವೆ ತೊಡೆ ಹಿಡಿದು ಕುಂಟುತ್ತಾ ನಿಲ್ಲುವುದು ಬಹುಪಾಲು ಈ ಕಾರಣಕ್ಕೆ. 2017ರಲ್ಲಿ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನ ರಿಲೇಯಲ್ಲಿ ಉಸೇನ್ ಬೋಲ್ಟ್ ತಮ್ಮ ಕೊನೆಯ ಓಟವನ್ನು ಮುಗಿಸಲಾಗದೆ ಟ್ರ್ಯಾಕ್ ಮೇಲೆ ಕುಸಿದದ್ದೂ ಹ್ಯಾಮ್‌ಸ್ಟ್ರಿಂಗ್‌ನಿಂದಲೇ.

ಇನ್ನೊಂದು ಬಗೆಯ ಪೆಟ್ಟು ನಿಧಾನವಾದ ಅತಿ ಚಾಚುವಿಕೆಯಿಂದ ಬರುತ್ತದೆ. ನೃತ್ಯದಲ್ಲಿ ಕಾಲೆತ್ತುವಾಗ, ಹರ್ಡಲ್ ದಾಟುವಾಗ, ಎತ್ತರಕ್ಕೆ ಒದೆಯುವಾಗ ಸೆಮಿಮೆಂಬ್ರನೋಸಸ್‌ನ ಮೇಲ್ತುದಿಯ ರಜ್ಜು ಘಾಸಿಗೊಳ್ಳುತ್ತದೆ. ಸ್ವೀಡನ್ನಿನ ಕಾರ್ಲ್ ಆಸ್ಕ್ಲಿಂಗ್ ಓಟಗಾರರನ್ನೂ ನೃತ್ಯಗಾರರನ್ನೂ ಹೋಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನಗಳು ತರಬೇತುದಾರರು ಮರೆಯಬಾರದ ಒಂದು ಸಂಗತಿಯನ್ನು ತೋರಿಸಿದವು. ಓಟಗಾರರ ಗಾಯ ಮೊದಲ ದಿನಗಳಲ್ಲಿ ಜೋರಾಗಿ ಕಂಡರೂ ಬೇಗ ಮಾಗಿತು. ನೃತ್ಯಗಾರರದ್ದು ಆರಂಭದಲ್ಲಿ ಸೌಮ್ಯವಾಗಿ ಕಂಡು, ಹಳೆಯ ಮಟ್ಟಕ್ಕೆ ಮರಳಲು ಬಹಳ ಹೆಚ್ಚು ಕಾಲ ತೆಗೆದುಕೊಂಡಿತು. ಮೊದಲ ದಿನದ ನೋವಿನ ಪ್ರಮಾಣವನ್ನು ನೋಡಿ ವಿಶ್ರಾಂತಿಯ ಅವಧಿಯನ್ನು ನಿರ್ಧರಿಸುವುದು ಆದ್ದರಿಂದ ಸರಿಯಲ್ಲ. ಸ್ನಾಯುವಿನ ಮಾಂಸಕ್ಕೆ ರಕ್ತದ ಹರಿವು ಸಮೃದ್ಧವಾಗಿರುವುದರಿಂದ ಅದು ಬೇಗ ಕೂಡಿಕೊಳ್ಳುತ್ತದೆ. ರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ, ಅದರ ನಾರುಗಳು ಮತ್ತೆ ಹೊಂದಿಕೊಂಡು ಗಟ್ಟಿಯಾಗಲು ತಿಂಗಳುಗಳೇ ಬೇಕು. ಎಂಆರ್‌ಐ ನೋಡಿ ಗಾಯವನ್ನು ವಿಂಗಡಿಸಲು 2014ರಲ್ಲಿ ಬ್ರಿಟಿಷ್ ಅಥ್ಲೆಟಿಕ್ಸ್ ತಂಡದ ವೈದ್ಯರು ರೂಪಿಸಿದ ಪದ್ಧತಿ ಇದೇ ಕಾರಣಕ್ಕೆ ಗಾಯ ಎಷ್ಟು ದೊಡ್ಡದು ಎಂಬುದರ ಜೊತೆಗೆ ಎಲ್ಲಿದೆ ಎಂಬುದನ್ನೂ ಗುರುತಿಸುತ್ತದೆ. ಸ್ನಾಯುವಿನ ಹೊರಪದರ, ಸ್ನಾಯು ರಜ್ಜುಗಳ ಸಂಧಿ, ರಜ್ಜುವಿನ ಒಳಭಾಗ ಎಂದು ಅದು ಮೂರು ಜಾಗಗಳನ್ನು ಬೇರ್ಪಡಿಸುತ್ತದೆ. ರಜ್ಜುವಿನ ಒಳಗೇ ಸೀಳು ಇದ್ದಾಗ ಗುಣವಾಗುವುದು ತಡ, ಮರುಗಾಯದ ಭಯವೂ ಹೆಚ್ಚು ಎಂದು ಅದೇ ತಂಡದ ಅನುಭವ ಹೇಳಿತು. ಅಂತರ ಅಷ್ಟೊಂದು ದೊಡ್ಡದಲ್ಲ ಎಂದು ನಂತರ ವಾದಿಸಿದವರೂ ಇದ್ದಾರೆ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು, ಈ ಪತ್ರದ ಮುಖ್ಯ ವಿಷಯವೂ ಅದೇ: ರಜ್ಜು ಮೂಳೆಯಿಂದಲೇ ಕಿತ್ತುಬರುವುದು. ಸೊಂಟ ತಟ್ಟನೆ ಬಾಗಿ ಮಂಡಿ ನೆಟ್ಟಗೇ ಉಳಿದಾಗ ಇದು ಆಗುತ್ತದೆ. ಪಾಶ್ಚಾತ್ಯ ದೇಶಗಳ ವೈದ್ಯಗ್ರಂಥಗಳಲ್ಲಿ ಇದಕ್ಕೆ ಕೊಡುವ ಮಾದರಿ ಉದಾಹರಣೆ ನೀರಿನ ಮೇಲಿನ ಸ್ಕೀಯಿಂಗ್. ನಮ್ಮಲ್ಲಿ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲೋ ಒದ್ದೆ ಬಚ್ಚಲಿನಲ್ಲೋ ಒಂದು ಕಾಲು ಮುಂದಕ್ಕೆ ಜಾರಿ, ಇನ್ನೊಂದು ಹಿಂದೆಯೇ ಉಳಿದು, ದೇಹ ಮುಂದಕ್ಕೆ ಮುಗ್ಗರಿಸಿದಾಗ ಅದೇ ಬಲ ಕೆಲಸ ಮಾಡುತ್ತದೆ. ಹಾಗಾಗಿ ಇದು ಆಟಗಾರರ ಗಾಯವಷ್ಟೇ ಅಲ್ಲ, ನಡುವಯಸ್ಸಿನವರನ್ನೂ ಕಾಡುತ್ತದೆ. ಕಬಡ್ಡಿಯಲ್ಲಿ ರೈಡರ್ ಗೆರೆ ಮುಟ್ಟಲು ಮುಂದಕ್ಕೆ ಚಾಚಿದಾಗ ಹಿಂದಿನಿಂದ ನಾಲ್ಕೈದು ಮಂದಿಯ ಭಾರ ಮೈಮೇಲೆ ಬಿದ್ದರೂ ಕಾಲು ಇಂಥದೇ ಭಂಗಿಗೆ ಸಿಕ್ಕಿಕೊಳ್ಳಬಹುದು.

ಲಕ್ಷಣಗಳು ಬಹಳ ಮಟ್ಟಿಗೆ ಸ್ಪಷ್ಟ. ಪೃಷ್ಠದಡಿ ಏನೋ ಟಪ್ ಎಂದು ಕಿತ್ತುಹೋದ ಅನುಭವ, ತಕ್ಷಣ ತೀವ್ರ ನೋವು, ಎದ್ದು ನಡೆದರೆ ಮಂಡಿ ಮಡಿಸದೆ ಕಾಲನ್ನು ಕೋಲಿನಂತೆ ಎಳೆಯುವ ನಡಿಗೆ. ಆ ಮೂಳೆಯ ಮೇಲೆ ಭಾರ ಹಾಕಿ ಕೂರಲಾಗುವುದಿಲ್ಲ. ಒಂದೆರಡು ದಿನ ಕಳೆದ ಮೇಲೆ ತೊಡೆಯ ಹಿಂಭಾಗವೆಲ್ಲ, ಕೆಲವೊಮ್ಮೆ ಮೀನಖಂಡದವರೆಗೂ, ಕಪ್ಪು ನೀಲಿ ಬಣ್ಣಕ್ಕೆ ತಿರುಗುತ್ತದೆ. ರಕ್ತ ಒಳಗೊಳಗೇ ಇಳಿದು ಬಂದ ಗುರುತು ಅದು. ಮೊದಲ ದಿನ ಕಲೆ ಕಾಣದಿದ್ದರೆ ಗಾಯ ಸಣ್ಣದು ಎಂದು ತಿಳಿಯಬಾರದು. ಬೋರಲು ಮಲಗಿಸಿ ಮಂಡಿ ಮಡಿಸಲು ಹೇಳಿ, ಕೈಯಿಂದ ತಡೆ ಕೊಟ್ಟರೆ, ಮಂಡಿಯ ಹಿಂದೆ ಬಿಲ್ಲಿನ ಹೆದೆಯಂತೆ ಬಿಗಿದು ನಿಲ್ಲಬೇಕಾದ ರಜ್ಜುಗಳು ಸಡಿಲವಾಗಿಯೇ ಇರುತ್ತವೆ. ಪಾದದಲ್ಲಿ ಜೋಮು, ಉರಿ, ಪಾದವನ್ನು ಮೇಲಕ್ಕೆತ್ತಲು ಆಗದಿರುವುದು ಕಂಡುಬಂದರೆ ಸಯಾಟಿಕ್ ನರಕ್ಕೂ ಪೆಟ್ಟಾಗಿದೆ ಎಂದೇ ಅರ್ಥ.

ಇಷ್ಟಿದ್ದರೂ ಈ ಗಾಯ ತಪ್ಪಿಹೋಗುವುದು ಹೆಚ್ಚು. ಉಳುಕು ಎಂದು ಭಾವಿಸಿ ಎಣ್ಣೆ ಹಾಕಿ ನೀವಿಸುವುದು, ಬಿಸಿನೀರಿನ ಶಾಖ ಕೊಡುವುದು, ಉಳುಕು ತೆಗೆಯುವವರ ಬಳಿ ಕಾಲನ್ನು ಜಗ್ಗಿಸುವುದು ಊರೂರಲ್ಲೂ ನಡೆಯುತ್ತದೆ. ಮೊದಲ ದಿನಗಳಲ್ಲಿ ಇವೆಲ್ಲ ಒಳಗಿನ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಜಗ್ಗುವುದಂತೂ ಅರ್ಧ ಹರಿದ ರಜ್ಜುವನ್ನು ಪೂರ್ತಿ ಹರಿಯಬಲ್ಲದು. ಆಸ್ಪತ್ರೆಗೆ ಹೋದರೂ ಒಂದು ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲ ಎಂದು ಹೇಳಿ, ನೋವಿನ ಮಾತ್ರೆ ಕೊಟ್ಟು ಕಳುಹಿಸುವುದುಂಟು. ರಜ್ಜು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಯಾವ ರಜ್ಜು ಕಿತ್ತಿದೆ, ತುದಿ ಎಷ್ಟು ಸೆಂಟಿಮೀಟರ್ ಕೆಳಗೆ ಸರಿದಿದೆ, ನರದ ಸುತ್ತ ರಕ್ತ ಹೆಪ್ಪುಗಟ್ಟಿದೆಯೇ ಎಂಬುದನ್ನು ತಿಳಿಸುವುದು ಎಂಆರ್‌ಐ. ಅಲ್ಟ್ರಾಸೌಂಡ್ ಅಗ್ಗವಾದರೂ ಅಷ್ಟು ಆಳದ ಜಾಗದಲ್ಲಿ, ಅದರಲ್ಲೂ ಊತ ಇರುವಾಗ, ಅದನ್ನು ಪೂರ್ತಿ ನೆಚ್ಚಿಕೊಳ್ಳಲಾಗದು.

ಹೈಸ್ಕೂಲು, ಪಿಯುಸಿ ಮಕ್ಕಳ ವಿಷಯ ಬೇರೆ. ಅವರಿಗೆ ಎಕ್ಸ್‌ರೇ ಬೇಕೇ ಬೇಕು. ಇಶ್ಚಿಯಲ್ ಟ್ಯೂಬರಾಸಿಟಿಯ ತುದಿಯಲ್ಲಿ ಹದಿಹರೆಯದಲ್ಲಿ ಮೂಳೆಯ ಒಂದು ಬೆಳವಣಿಗೆಯ ಕೇಂದ್ರ ಮೂಡುತ್ತದೆ. ಅದು ಮುಖ್ಯ ಮೂಳೆಗೆ ಪೂರ್ತಿ ಬೆಸೆದುಕೊಳ್ಳುವುದು ಇಪ್ಪತ್ತರ ಆಸುಪಾಸಿನಲ್ಲಿ, ಕೆಲವರಲ್ಲಿ ಇನ್ನೂ ತಡವಾಗಿ. ಅಲ್ಲಿಯವರೆಗೆ ನಡುವಿನ ಮೃದ್ವಸ್ಥಿಯ ಪದರವೇ ಇಡೀ ಸರಪಳಿಯ ದುರ್ಬಲ ಕೊಂಡಿ. ವಯಸ್ಕರಲ್ಲಿ ರಜ್ಜು ಹರಿಯುವಷ್ಟು ಬಲ ಬಿದ್ದಾಗ ಮಕ್ಕಳಲ್ಲಿ ರಜ್ಜು ಉಳಿದು, ಅದು ಅಂಟಿಕೊಂಡ ಮೂಳೆಯ ಚೂರೇ ಕಳಚಿಕೊಂಡು ಬರುತ್ತದೆ. ಓಟ, ಉದ್ದಜಿಗಿತ, ಫುಟ್‌ಬಾಲ್, ಜಿಮ್ನಾಸ್ಟಿಕ್ಸ್ ಆಡುವ ಮಕ್ಕಳಲ್ಲಿ ಇದನ್ನು ಕಾಣಬಹುದು. ಚೂರು ಹೆಚ್ಚು ಸರಿಯದಿದ್ದರೆ ವಿಶ್ರಾಂತಿ, ಊರುಗೋಲು, ನಂತರ ಹಂತಹಂತದ ವ್ಯಾಯಾಮದಿಂದಲೇ ಅದು ಕೂಡಿಕೊಳ್ಳುತ್ತದೆ. ಸುಮಾರು ಒಂದೂವರೆ ಎರಡು ಸೆಂಟಿಮೀಟರ್‌ಗಿಂತ ದೂರ ಸರಿದಿದ್ದರೆ ಸ್ಕ್ರೂ ಹಾಕಿ ಕೂರಿಸುವ ಶಸ್ತ್ರಚಿಕಿತ್ಸೆಯನ್ನು ಯೋಚಿಸಲಾಗುತ್ತದೆ. ಗುರುತಿಸದೆ ಬಿಟ್ಟರೆ ಚೂರು ಕೂಡದೆ ಉಳಿಯಬಹುದು, ಅಥವಾ ಸುತ್ತ ದೊಡ್ಡ ಮೂಳೆಗಂಟು ಬೆಳೆದು ವರ್ಷಗಟ್ಟಲೆ ಕೂರುವಾಗ ನೋವು ಕೊಡಬಹುದು. ಕ್ರೀಡಾಕೂಟದ ಒತ್ತಡದಲ್ಲಿ, ಒಂದು ವಾರ ಕಳೆದ ಮೇಲೆ ಓಡಿದರಾಯಿತು ಎಂದು ಮಗುವನ್ನು ಮತ್ತೆ ಟ್ರ್ಯಾಕಿಗೆ ಇಳಿಸುವುದರಿಂದ ಆಗುವ ಹಾನಿ ಇದು.

ಇನ್ನು ಶಸ್ತ್ರಚಿಕಿತ್ಸೆಯ ಮಾತು. ತೊಡೆಯ ಹಿಂದಿನ ಗಾಯಗಳಲ್ಲಿ ಬಹುಪಾಲಿಗೆ ಅದು ಬೇಕಿಲ್ಲ. ಸ್ನಾಯುವಿನ ಸಾಮಾನ್ಯ ಹರಿಯುವಿಕೆ ವ್ಯಾಯಾಮ ಚಿಕಿತ್ಸೆಯಿಂದ ಮಾಗುತ್ತದೆ. ಒಂದೇ ರಜ್ಜು ಕಿತ್ತು ಹೆಚ್ಚು ಸರಿಯದಿದ್ದರೂ ಸಾಮಾನ್ಯವಾಗಿ ಕಾದು ನೋಡುತ್ತಾರೆ. ಮೂರೂ ರಜ್ಜುಗಳು ಕಿತ್ತಿದ್ದರೆ, ಅಥವಾ ಎರಡು ಕಿತ್ತು ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ಕೆಳಗೆ ಸರಿದಿದ್ದರೆ, ರೋಗಿ ಚುರುಕಾಗಿ ಓಡಾಡುವವರೋ ಆಟಗಾರರೋ ಆಗಿದ್ದರೆ ಹೊಲಿಯುವುದು ಒಳ್ಳೆಯದು ಎಂಬುದು ಬಹುಕಾಲದಿಂದ ನಡೆದುಬಂದ ನಿಯಮ. 2008ರಲ್ಲಿ ವುಡ್ ಮತ್ತು ಸಂಗಡಿಗರು ಕೊಟ್ಟ ಐದು ಬಗೆಯ ವಿಂಗಡಣೆಯನ್ನು ಶಸ್ತ್ರವೈದ್ಯರು ಇಂದಿಗೂ ಬಳಸುತ್ತಾರೆ. ಅದರ ಐದನೆಯ ಬಗೆ, ಪೂರ್ತಿ ಕಿತ್ತು ಕೆಳಗೆ ಸರಿದ ರಜ್ಜು. ಸಯಾಟಿಕ್ ನರ ಸಿಕ್ಕಿಕೊಂಡಿದೆಯೇ ಇಲ್ಲವೇ ಎಂಬುದರ ಮೇಲೆ ಅದು ಮತ್ತೆ ಎರಡಾಗುತ್ತದೆ.

ಆದರೆ ಈ ನಿಯಮವನ್ನು ಎಲ್ಲರಿಗೂ ಒಂದೇ ರೀತಿ ಅನ್ವಯಿಸುವಂತಿಲ್ಲ ಎಂದು ಈಚೆಗೆ ಗೊತ್ತಾಗಿದೆ. ಉತ್ತರ ಯುರೋಪಿನ ಹಲವು ಆಸ್ಪತ್ರೆಗಳು ಸೇರಿ ನಡೆಸಿ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 30ರಿಂದ 70 ವರ್ಷದ 119 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಬರೀ ವ್ಯಾಯಾಮ ಚಿಕಿತ್ಸೆ ಕೊಡಲಾಯಿತು. ಎರಡು ವರ್ಷಗಳ ನಂತರ ನೋವು ಮತ್ತು ದಿನನಿತ್ಯದ ಚಟುವಟಿಕೆಯ ಅಂಕಗಳಲ್ಲಿ ವ್ಯಾಯಾಮದ ಗುಂಪು ಹಿಂದೆ ಬೀಳಲಿಲ್ಲ. ನಡುವಯಸ್ಸಿನಲ್ಲಿ ಅಂಗಳದಲ್ಲಿ ಜಾರಿಬಿದ್ದವರಿಗೆ ಇದು ನೆಮ್ಮದಿಯ ಸುದ್ದಿ. ಅವರು ದೊಡ್ಡ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಧೈರ್ಯವಾಗಿ ಪ್ರಶ್ನೆ ಕೇಳಬಹುದು. ಇಪ್ಪತ್ತರ ಹರೆಯದ ಓಟಗಾರ್ತಿಗೆ ಈ ಫಲಿತಾಂಶ ಅನ್ವಯಿಸುವುದಿಲ್ಲ, ಏಕೆಂದರೆ ಆ ವಯಸ್ಸಿನವರು ಪ್ರಯೋಗದಲ್ಲಿ ಇರಲೇ ಇಲ್ಲ. ವೇಗದ ಓಟಕ್ಕೆ ಬೇಕಾದ ಬಲವನ್ನು ಮರಳಿ ಪಡೆಯಲು ಶಸ್ತ್ರಚಿಕಿತ್ಸೆಯೇ ಇಂದಿಗೂ ಹೆಚ್ಚು ನೆಚ್ಚಿನ ದಾರಿ.

ಶಸ್ತ್ರಚಿಕಿತ್ಸೆಯ ಫಲ ಕಾಲವನ್ನು ಅವಲಂಬಿಸಿದೆ. ಪೆಟ್ಟಾದ ಮೊದಲ ನಾಲ್ಕರಿಂದ ಆರು ವಾರಗಳಲ್ಲಿ ರಜ್ಜುವಿನ ತುದಿ ಮೆದುವಾಗಿ, ಎಳೆದರೆ ಮೇಲೆ ಬರುವಂತಿರುತ್ತದೆ. ತಡವಾದಷ್ಟೂ ಅದು ಮಾಂಸದೊಡನೆ ಕುಗ್ಗಿ ಕೆಳಗೇ ಅಂಟಿಕೊಳ್ಳುತ್ತದೆ. ಗಾಯದ ಕಲೆ ಸಯಾಟಿಕ್ ನರವನ್ನು ಸುತ್ತಿಕೊಳ್ಳುತ್ತದೆ. ತಿಂಗಳುಗಟ್ಟಲೆ ತಡವಾದಾಗ ತುದಿ ಮೂಳೆಯನ್ನು ಮುಟ್ಟದೆ, ನಡುವೆ ದಾನಿಯ ಹಿಮ್ಮಡಿ ರಜ್ಜುವನ್ನೋ ರೋಗಿಯದೇ ಬೇರೆ ರಜ್ಜುವನ್ನೋ ಸೇತುವೆಯಾಗಿ ಜೋಡಿಸಬೇಕಾಗುತ್ತದೆ. ಆಗಲೂ ಗುಣ ಕಾಣುತ್ತದೆ, ಆದರೆ ತೊಡಕುಗಳು ಹೆಚ್ಚು.

ಕೆಲಸದ ಕ್ರಮ ಹೀಗೆ. ಅರಿವಳಿಕೆ ಕೊಟ್ಟ ಮೇಲೆ ರೋಗಿಯನ್ನು ಬೋರಲು ಮಲಗಿಸುತ್ತಾರೆ. ಪೃಷ್ಠ ಮತ್ತು ತೊಡೆ ಕೂಡುವ ಮಡಿಕೆಯಲ್ಲಿ ಅಡ್ಡವಾಗಿ ಕೊಯ್ಯುತ್ತಾರೆ. ರಜ್ಜು ಬಹಳ ಕೆಳಗೆ ಸರಿದಿದ್ದರೆ ಉದ್ದಕ್ಕೆ. ಪೃಷ್ಠದ ದೊಡ್ಡ ಸ್ನಾಯುವಿನ ಕೆಳಅಂಚನ್ನು ಮೇಲಕ್ಕೆ ಸರಿಸಿ, ತೊಡೆಯ ಹಿಂಭಾಗಕ್ಕೆ ಸ್ಪರ್ಶ ಕೊಡುವ ತೆಳು ನರವನ್ನು ಉಳಿಸಿಕೊಂಡು, ಒಳಪೊರೆ ಬಿಡಿಸಿದಾಗ ಹೊಸ ಗಾಯದಲ್ಲಿ ಹಳೆಯ ರಕ್ತ ಹೊರಬರುತ್ತದೆ. ಅನುಭವಿ ಶಸ್ತ್ರವೈದ್ಯರು ಮೊದಲು ಹುಡುಕುವುದು ಸಯಾಟಿಕ್ ನರವನ್ನು. ಅದು ಎಲ್ಲಿದೆ ಎಂದು ಖಚಿತವಾದ ಮೇಲೆಯೇ ಮುಂದಿನ ಹೆಜ್ಜೆ. ನರ ಕಲೆಯಲ್ಲಿ ಸಿಕ್ಕಿಕೊಂಡಿದ್ದರೆ ತಾಳ್ಮೆಯಿಂದ ಬಿಡಿಸುತ್ತಾರೆ. ನಂತರ ರಜ್ಜುವಿನ ತುದಿಯನ್ನು ಚೊಕ್ಕಗೊಳಿಸಿ, ಮೂಳೆಯುಬ್ಬಿನ ಹೊರಮಗ್ಗುಲನ್ನು ಸ್ವಲ್ಪ ರಕ್ತ ಬರುವಂತೆ ಕೆರೆದು, ಅಲ್ಲಿ ಆ್ಯಂಕರ್ ಎಂಬ ಸಣ್ಣ ಮೊಳೆಗಳನ್ನು ಕೂರಿಸುತ್ತಾರೆ. ಅವುಗಳಿಗೆ ಕಟ್ಟಿಕೊಂಡೇ ಬರುವ ಗಟ್ಟಿ ದಾರಗಳನ್ನು ರಜ್ಜುವಿನೊಳಗೆ ಹೊಲಿದು, ಮಂಡಿ ಮಡಿಸಿ ಎಳೆತ ಕಡಿಮೆ ಮಾಡಿ ಗಂಟು ಹಾಕುತ್ತಾರೆ. ರಜ್ಜು ತನ್ನ ಹಳೆಯ ಜಾಗದಲ್ಲೇ ಕೂರಬೇಕು ಎಂಬುದು ಮುಖ್ಯ. ಎಂಡೋಸ್ಕೋಪ್ ತೂರಿಸಿ ಸಣ್ಣ ರಂಧ್ರಗಳ ಮೂಲಕ ಇದೇ ಕೆಲಸ ಮಾಡುವ ವಿಧಾನವೂ ಬಂದಿದೆ; ಬಹಳ ಸರಿದ ರಜ್ಜುವಿಗೆ ಅದು ಅಷ್ಟು ಸುಲಭವಲ್ಲ.

ಅಪಾಯಗಳನ್ನು ಮುಚ್ಚಿಡಬೇಕಿಲ್ಲ. ಗುದದ್ವಾರಕ್ಕೆ ಹತ್ತಿರದ ಗಾಯವಾದ್ದರಿಂದ ಸೋಂಕಿನ ಎಚ್ಚರ ಬೇಕು. ತೊಡೆಯ ಹಿಂಭಾಗದಲ್ಲಿ ಮರಗಟ್ಟಿದ ಜಾಗ ಉಳಿಯುವುದುಂಟು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ, ಸಯಾಟಿಕ್ ನರಕ್ಕೆ ಪೆಟ್ಟು, ಹೊಲಿಗೆ ಬಿಟ್ಟು ಮತ್ತೆ ಕಳಚುವುದು ಅಪರೂಪ, ಆದರೆ ಇಲ್ಲವೆಂದಲ್ಲ.

ಈ ಕ್ಷೇತ್ರದಲ್ಲಿ ಫಿನ್ಲೆಂಡಿನ ವೈದ್ಯರ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ರಜ್ಜುವಿನ ಸುತ್ತಲಿನ ಗಟ್ಟಿ ಪಟ್ಟಿಗಳು ಸಯಾಟಿಕ್ ನರವನ್ನು ಒತ್ತುವುದರಿಂದ ಕೂತಾಗ ಮತ್ತು ಓಡುವಾಗ ಬರುವ ನೋವನ್ನು ಪುರಾನೆನ್ ಮತ್ತು ಸಕಾರಿ ಒರಾವ 1988ರಲ್ಲಿ ಹ್ಯಾಮ್‌ಸ್ಟ್ರಿಂಗ್ ಸಿಂಡ್ರೋಮ್ ಎಂಬ ಹೆಸರಿನಲ್ಲಿ ವಿವರಿಸಿದರು. ಅವರ ಹೆಸರಿನ ಪರೀಕ್ಷೆಯೊಂದು ಇಂದಿಗೂ ಬಳಕೆಯಲ್ಲಿದೆ. 2017ರ ಸೆಪ್ಟೆಂಬರ್‌ನಲ್ಲಿ ಬಾರ್ಸಿಲೋನಾ ತಂಡದ ಉಸ್ಮಾನ್ ಡೆಂಬೆಲೆ ಗೆಟಾಫೆ ವಿರುದ್ಧ ಆಡುವಾಗ ಎಡತೊಡೆಯ ಬೈಸೆಪ್ಸ್ ರಜ್ಜುವನ್ನು ಹರಿದುಕೊಂಡರು. ಒರಾವ ಅವರೇ ಫಿನ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು, ಆಟಗಾರ 2018ರ ಜನವರಿಯಲ್ಲಿ ಮರಳಿದರು. 2020ರ ಫೆಬ್ರವರಿಯಲ್ಲಿ ಡೆಂಬೆಲೆ ಅವರ ಬಲತೊಡೆಯ ಬೈಸೆಪ್ಸ್‌ನ ಮೇಲ್ತುದಿಯ ರಜ್ಜು ಹರಿದಾಗ ಟುರ್ಕು ನಗರದಲ್ಲಿ ಲಾಸ್ಸೆ ಲೆಂಪೈನೆನ್ ಹೊಲಿದರು. ಆಗ ಕ್ಲಬ್ ಹೇಳಿದ ವಿರಾಮ ಸುಮಾರು ಆರು ತಿಂಗಳು. ಅದೇ ಆಟಗಾರ, ಅದೇ ಸ್ನಾಯು, ಆದರೂ ಅವಧಿ ಬೇರೆ. ಕ್ರಿಕೆಟ್‌ನಲ್ಲಿ ಬೆನ್ ಸ್ಟೋಕ್ಸ್ 2024ರ ಆಗಸ್ಟ್‌ನಲ್ಲಿ ಎಡ ಹ್ಯಾಮ್‌ಸ್ಟ್ರಿಂಗ್ ಹರಿದುಕೊಂಡು, ಡಿಸೆಂಬರ್‌ನಲ್ಲಿ ಹ್ಯಾಮಿಲ್ಟನ್ ಟೆಸ್ಟ್‌ನಲ್ಲಿ ಅದನ್ನೇ ಮತ್ತೆ ಹರಿದುಕೊಂಡ ಮೇಲೆ 2025ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. ನಮ್ಮ ಕೆ.ಎಲ್. ರಾಹುಲ್ ಅವರ 2023ರ ಶಸ್ತ್ರಚಿಕಿತ್ಸೆಯನ್ನು ಹಲವರು ಹ್ಯಾಮ್‌ಸ್ಟ್ರಿಂಗ್ ಎಂದೇ ನೆನಪಿಟ್ಟುಕೊಂಡಿದ್ದಾರೆ. ಅವರೇ ಹೇಳಿದಂತೆ ಕಿತ್ತಿದ್ದು ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್‌ನ ರಜ್ಜು.

ಇನ್ನೊಂದು ಗೊಂದಲವೂ ಸಾಮಾನ್ಯ. ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಾಗ ಸೆಮಿಟೆಂಡಿನೋಸಸ್‌ನ ಕೆಳತುದಿಯ ರಜ್ಜುವನ್ನು ತೆಗೆದು ಹೊಸ ಎಸಿಎಲ್ ಕಟ್ಟುತ್ತಾರೆ. ಇದು ಹ್ಯಾಮ್‌ಸ್ಟ್ರಿಂಗ್ ಗಾಯದ ಚಿಕಿತ್ಸೆಯಲ್ಲ. ಹಾಗೆ ತೆಗೆದ ರಜ್ಜು ಅನೇಕರಲ್ಲಿ ಕಾಲಕ್ರಮೇಣ ಭಾಗಶಃ ಮತ್ತೆ ಬೆಳೆಯುತ್ತದೆ. ಆದರೂ ಮಂಡಿಯನ್ನು ಪೂರ್ತಿ ಮಡಿಸುವ ಬಲ ಸ್ವಲ್ಪ ಕಡಿಮೆ ಉಳಿಯಬಹುದು. ಇಂಥ ಆಟಗಾರರ ತೊಡೆಯ ಹಿಂಭಾಗಕ್ಕೆ ಪ್ರತ್ಯೇಕ ಬಲವರ್ಧನೆ ಬೇಕು.

ಹೊಲಿಗೆಯ ನಂತರದ ದಾರಿ ದೀರ್ಘ. ಮೊದಲ ವಾರಗಳಲ್ಲಿ ಊರುಗೋಲಿನ ಮೇಲೆ, ಪಾದ ನೆಲಕ್ಕೆ ತಾಗಿಸುವಷ್ಟೇ ಭಾರ. ಮಂಡಿ ನೆಟ್ಟಗೆ ಇಟ್ಟು ಮುಂದಕ್ಕೆ ಬಾಗುವುದು, ನೆಲದ ವಸ್ತು ಎತ್ತಿಕೊಳ್ಳುವುದು, ಕಾಲು ನೀಡಿ ಕೂತು ಕಾಲ್ಚೀಲ ಹಾಕಿಕೊಳ್ಳುವುದು ನಿಷಿದ್ಧ. ಹೊಲಿಗೆ ಬಿಡುವುದು ಇಂಥ ಸಣ್ಣ ಕೆಲಸಗಳಲ್ಲೇ. ಆರು ವಾರದ ಹೊತ್ತಿಗೆ ಊರುಗೋಲು ಬಿಟ್ಟು ನಡಿಗೆ, ಬಳಿಕ ನಿಧಾನವಾಗಿ ಬಲವರ್ಧನೆ, ಮೂರು ನಾಲ್ಕು ತಿಂಗಳಲ್ಲಿ ಸೌಮ್ಯ ಓಟ. ಪೂರ್ತಿ ಆಟಕ್ಕೆ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ನಿರ್ಣಯಕ್ಕೆ ಕ್ಯಾಲೆಂಡರ್ ಒಂದೇ ಸಾಲದು: ಆ ಕಾಲಿನ ಬಲ ಇನ್ನೊಂದು ಕಾಲಿನ ಬಲದ ಹತ್ತಿರಕ್ಕೆ ಬಂದಿರಬೇಕು, ಪೂರ್ಣ ವೇಗದ ಓಟವನ್ನು ಅಂಜಿಕೆಯಿಲ್ಲದೆ ಮಾಡಬಲ್ಲವರಾಗಿರಬೇಕು.

ಒಮ್ಮೆಲೆ ಹರಿಯದೆ, ನಿಧಾನವಾಗಿ ಸವೆದು ನೋಯುವ ರಜ್ಜುವೂ ಇದೆ. ದೂರದ ಓಟಗಾರರಲ್ಲಿ ಇದು ಹೆಚ್ಚು. ಕೂತಾಗ ಮತ್ತು ಏರುಹಾದಿಯಲ್ಲಿ ಓಡುವಾಗ ಪೃಷ್ಠದಡಿ ಆಳವಾದ ನೋವು ಅದರ ಗುರುತು. ಬಿಗಿ ಇದೆ ಎಂದು ಇಂಥವರಿಗೆ ಇನ್ನಷ್ಟು ಸ್ಟ್ರೆಚಿಂಗ್ ಮಾಡಿಸುವುದು ತಪ್ಪು. ಸೊಂಟ ಬಾಗಿದಾಗ ರಜ್ಜು ಮೂಳೆಗೆ ಒತ್ತಿಕೊಂಡು ನೋವು ಏರುತ್ತದೆ. ಹಂತಹಂತವಾಗಿ ಭಾರ ಹೊರಿಸುವ ವ್ಯಾಯಾಮವೇ ಇದಕ್ಕೆ ಮೊದಲ ಚಿಕಿತ್ಸೆ. ರಜ್ಜುವಿನೊಳಗೆ ಸ್ಟೀರಾಯ್ಡ್ ಚುಚ್ಚುವುದು ಅದನ್ನು ದುರ್ಬಲಗೊಳಿಸಬಹುದು. ಸ್ಪರ್ಧೆಗೆ ಮುನ್ನ ಅಂಥ ಸೂಜಿಗೆ ಆತುರಪಡಬಾರದು.

ತಡೆಯುವ ವಿಷಯದಲ್ಲಿ ಒಂದು ವ್ಯಾಯಾಮಕ್ಕೆ ಬಲವಾದ ಆಧಾರವಿದೆ. ನೆಲದ ಮೇಲೆ ಮಂಡಿಯೂರಿ, ಸಂಗಾತಿ ಹಿಮ್ಮಡಿಗಳನ್ನು ಒತ್ತಿ ಹಿಡಿದಿರಲು, ದೇಹವನ್ನು ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗುತ್ತಾ ಹೋಗುವುದು. ಇದಕ್ಕೆ ನಾರ್ಡಿಕ್ ವ್ಯಾಯಾಮ ಎನ್ನುತ್ತಾರೆ. ಡೆನ್ಮಾರ್ಕಿನ 50 ಫುಟ್‌ಬಾಲ್ ತಂಡಗಳ 942 ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದನ್ನು ಮಾಡಿದ ತಂಡಗಳ ಹೊಸ ಗಾಯಗಳು ಅರ್ಧಕ್ಕಿಂತಲೂ ಕೆಳಗಿಳಿದವು, ಮರುಗಾಯಗಳು ಅದಕ್ಕಿಂತಲೂ ಹೆಚ್ಚು ಕುಸಿದವು. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಗಾಯ ಸುಮಾರು ಅರ್ಧಕ್ಕೆ ಇಳಿದದ್ದು ಕಂಡಿತು. ಯಂತ್ರ ಬೇಡ, ಹಣ ಬೇಡ, ಯಾವ ಹಳ್ಳಿಶಾಲೆಯ ಅಂಗಳದಲ್ಲೂ ಮಾಡಿಸಬಹುದು. ಹಾಗಿದ್ದೂ ಶ್ರೀಮಂತ ಯುರೋಪಿಯನ್ ಕ್ಲಬ್ಬುಗಳಲ್ಲಿ ಒಟ್ಟು ಗಾಯಗಳ ಪೈಕಿ ಹ್ಯಾಮ್‌ಸ್ಟ್ರಿಂಗ್‌ನ ಪಾಲು ಎರಡು ದಶಕಗಳಲ್ಲಿ ಶೇ. 12ರಿಂದ ಶೇ. 24ಕ್ಕೆ ಏರಿದೆ. ಆಟದ ವೇಗ ಮತ್ತು ಪಂದ್ಯಗಳ ಸಂಖ್ಯೆ ಏರಿದ್ದು ಕಾರಣಗಳಲ್ಲಿ ಸೇರಿರಬೇಕು. ವ್ಯಾಯಾಮ ಗೊತ್ತಿದ್ದೂ ನಿಯಮಿತವಾಗಿ ಮಾಡಿಸದ ತಂಡಗಳೂ ಕಡಿಮೆಯಿಲ್ಲ.

ಗಾಯವಾದ ಕ್ಷಣದಲ್ಲಿ ಸ್ಥಳದಲ್ಲಿರುವವರು ತಾವು; ಶಸ್ತ್ರವೈದ್ಯರು ನೋಡುವುದು ತಾವು ಕಳುಹಿಸಿದ ಮೇಲೆ. ಓಟದ ನಡುವೆ ಟಪ್ ಎಂದಂತಾಗಿ ತೊಡೆ ಹಿಡಿದು ನಿಂತ ವಿದ್ಯಾರ್ಥಿಯನ್ನು ಅಂದು ಮತ್ತೆ ಓಡಿಸದಿರಿ, ನೀವಿಸದಿರಿ, ಬಿಸಿ ಶಾಖ ಕೊಡದಿರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾದ ಕಟ್ಟು, ಕಾಲಿಗೆ ವಿಶ್ರಾಂತಿ ಕೊಟ್ಟು, ಮಕ್ಕಳಾದರೆ ಎಕ್ಸ್‌ರೇಗೆ, ದೊಡ್ಡವರಲ್ಲಿ ಕೂರಲಾಗದಷ್ಟು ನೋವೋ ಹಬ್ಬುವ ಕಪ್ಪುಕಲೆಯೋ ಇದ್ದರೆ ಎಂಆರ್‌ಐ ಕೇಳಿ, ಆ ವಾರದೊಳಗೇ ಮೂಳೆತಜ್ಞರ ಬಳಿ ಕಳುಹಿಸಿಕೊಡಬೇಕೆಂದು ವಿನಂತಿ.